ನಡುವೆ ಬಂದವರ ಲೆಕ್ಕ

ಬೈತಖೋಲದ ಬಂದರು ಕಚೇರಿಯಲ್ಲಿ ಮೂವತ್ತೊಂದು ವರ್ಷ
ಉಬ್ಬರ ಇಳಿತ ಬರೆದವನು ನಾನು.
ಈಗ ಪಿಂಚಣಿ. ಈಗ ರಾತ್ರಿ ಹತ್ತರ ಮೇಲೆ ಕೂತು
ಸಾವಿರದ ಎಂಟುನೂರ ಎಂಬತ್ತರ ಆಸುಪಾಸಿನ
ಅಮೆರಿಕದ ಬೇಸ್‌ಬಾಲ್ ಅಂಕಿ ಕೂಡಿಸುತ್ತೇನೆ.
ಹೆಂಡತಿ ಕೇಳುತ್ತಾಳೆ: ಯಾರ ಮನೆಯ ಶ್ರಾದ್ಧ ಇದು?

ಒಂದು ಆಟವನ್ನೂ ಕಣ್ಣಾರೆ ಕಂಡವನಲ್ಲ.
ಚೆಂಡು ಮುರುಗಲು ಹಣ್ಣಿಗಿಂತ ದೊಡ್ಡದು,
ಎಳನೀರಿಗಿಂತ ಚಿಕ್ಕದು ಇದ್ದೀತು, ಅಷ್ಟೇ ಗೊತ್ತು.
ಗೊತ್ತಿರುವುದು ಕಾನೂನು:
ಎಸೆಯಲು ನಿಂತವನು ಕೊನೆಯವರೆಗೂ ಎಸೆಯಬೇಕು,
ತೋಳು ಬಿದ್ದರೆ ಬೀಳಲಿ.
ಹೊರಗೆ ಕೂತವನನ್ನು ಸುಮ್ಮನೆ ಒಳಗೆ ಕರೆಯುವಂತಿಲ್ಲ.
ಅದಕ್ಕೇ ಜಾಣ ನಾಯಕರು ಇನ್ನೊಬ್ಬ ಎಸೆಗಾರನನ್ನು
ಬಲಮೂಲೆಯ ಹುಲ್ಲಿನಲ್ಲಿ ಮೊದಲೇ ನಿಲ್ಲಿಸಿಡುತ್ತಿದ್ದರು,
ಬಾಗಿಲ ಹಿಂದೆ ಕೊಡೆ ಇಟ್ಟ ಹಾಗೆ.
ಆರನೆಯ ಸರದಿಗೆ ಇಬ್ಬರೂ ಜಾಗ ಬದಲಿಸುವರು.
ಸೋತ ತೋಳಿನವನು ಹುಲ್ಲಿಗೆ,
ಹುಲ್ಲಿನವನು ನಡುವಿಗೆ.

ಗೆದ್ದರೆ ಗೆಲುವು ಹೆಚ್ಚಾಗಿ ಮೊದಲಿನವನ ಹೆಸರಿಗೆ.
ಬಂದು ಉಳಿಸಿಕೊಟ್ಟವನಿಗೆ ಕಾಲಂ ಇಲ್ಲ.
ಕಾಲಂ ಬಂತು, ಅವರೆಲ್ಲ ಮಣ್ಣಾಗಿ ಎಷ್ಟೋ ಕಾಲಕ್ಕೆ.
ನನ್ನಂಥ ಯಾರೋ ದೀಪದ ಕೆಳಗೆ ಕೂತು
ಸತ್ತವರ ಖಾತೆಗೆ ‘ಉಳಿಕೆ’ ಜಮಾ ಮಾಡಿದರು.
ವರ್ಷಕ್ಕೆ ಎರಡು ಮೂರು ಬಂದವನೇ ದೊರೆ.
ಬಹಳ ಜನಕ್ಕೆ ಒಂದು.
ಇಡೀ ಜನ್ಮಕ್ಕೆ ಒಂದು.

ಅಪ್ಪ ಅಲಿಗದ್ದಾ ದಡದಲ್ಲಿ ರಂಪಣಿಯ ಲೆಕ್ಕ ಬರೆಯುತ್ತಿದ್ದ.
ಎಂಬತ್ತು ಜನ ಎಳೆಯುವ ಬಲೆ, ಎಂಬತ್ತು ಪಾಲು.
ಬಂಗಡೆ ಬಿದ್ದ ದಿನ ಹಗ್ಗ ಅಂಗೈ ಸುಲಿಯುತ್ತಿತ್ತು,
ಸುಲಿದಲ್ಲಿ ಉಪ್ಪುನೀರು.
ಯಾರಾದರೂ ಕೈಬಿಟ್ಟರೆ, ಬುಟ್ಟಿ ಹಿಡಿದು ನಿಂತವರಲ್ಲಿ ಒಬ್ಬರು
ಆ ಜಾಗಕ್ಕೆ ನುಗ್ಗುವರು. ಹೆಸರು ಕೇಳಲು ಪುರಸೊತ್ತಿಲ್ಲ.
ಕೈಬಿಟ್ಟವನ ಹೆಸರಿನ ಮುಂದೆ ಅಪ್ಪ
ಒಂದು ಅರ್ಧಚಂದ್ರ ಹಾಕುತ್ತಿದ್ದ: ನಡುವೆ ಯಾರೋ ಬಂದರು.
ಸಂಜೆ ಆ ಯಾರೋ ಬುಟ್ಟಿ ಒಡ್ಡಿದರೆ ಅರ್ಧ ಪಾಲು.

ಗೆದ್ದಲು ತಿಂದು ಬಿಟ್ಟ ವಹಿಗಳು ನಾಲ್ಕು.
ಅರವತ್ತೆರಡನೇ ಇಸವಿ, ಅಕ್ಟೋಬರದ ಒಂದು ಪುಟ:
ಸೋಮಾ ದುರ್ಗೇಕರ, ಸಾಲ್ವದೋರ್, ಗಿರ್ಯಾ ಹರಿಕಂತ್ರ.
ಗಿರ್ಯಾನ ಮುಂದೆ ಅರ್ಧಚಂದ್ರ.
ಪಾಲು ಒಯ್ದವರ ಜಾಗ ಖಾಲಿ.
ಅಂದರೆ ಬಂದರು, ಎಳೆದರು,
ಬುಟ್ಟಿ ಒಡ್ಡಲಿಲ್ಲ.

ಸಾಲ್ವದೋರ್ ಇನ್ನೂ ಇದ್ದಾನೆ, ಕೋಡಿಬಾಗದಲ್ಲಿ, ಎಂಬತ್ತು ದಾಟಿದ.
ಪುಟ ತೋರಿಸಿದೆ. ಓದು ಬಾರದವನು
ತನ್ನ ಅಂಗೈ ತೋರಿಸಿದ.
“ಗಿರ್ಯಾ ಬಿಟ್ಟ. ನನ್ನ ಬೆನ್ನ ಹಿಂದೆ ಹಗ್ಗ ಮತ್ತೆ ಬಿಗಿಯಿತು.
ತಿರುಗಿ ನೋಡುವ ಹೊತ್ತಾ ಅದು?
ಬಳೆ ಸದ್ದು ಕೇಳಿದ ನೆನಪು.
ಗಾಳಿಯೂ ಇರಬಹುದು ಮಾರಾಯಾ.
ಬಲೆ ದಡಕ್ಕೆ ಬಂತಲ್ಲ, ಸಾಕು ಬಿಡು.”

ನನಗೆ ಸಾಲದು.
ನಾನು ಬರೆದ ಸಮುದ್ರ ದಿನಕ್ಕೆ ಎರಡು ಸಲ ಬಂತು,
ಎರಡು ಸಲ ಹೋಯಿತು,
ಯಾರ ಲೆಕ್ಕವನ್ನೂ ಇಟ್ಟುಕೊಳ್ಳಲಿಲ್ಲ.
ನಿನ್ನೆ ರಾತ್ರಿ ಅಮೆರಿಕದವರ ಪಟ್ಟಿಯ ಕೆಳಗೆ
ಪೆನ್ಸಿಲಿನಲ್ಲಿ ಇನ್ನೊಂದು ಸಾಲು ಸೇರಿಸಿದೆ.
ಊರು ಕಾರವಾರ. ಹೆಸರು, ಒಂದು ಗೆರೆ.
ಉಳಿಕೆ: ಒಂದು.

ಲೈಟು ಆರಿಸಲು ಬಂದವಳು ಕನ್ನಡಕ ಹಾಕಿ ಓದಿದಳು.
ಗೆರೆಯ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ನಿಂತಳು.
“ಒಂದೇ ಅಂತ ಹೇಗೆ ಬರೆದಿರಿ?” ಅಂದಳು.
“ಬೇರೆ ಪುಟ ನೋಡಿದಿರಾ?”